ಇಂಗ್ಲಿಷಿನ ‘ಹ್ಯಾಂಡ್’ ಮತ್ತು ನಮ್ಮ ಕೈ

ಪ್ರಶ್ನೆ: ನಮ್ಮ ಕಂಪನಿಯ ಲಂಡನ್ ಕಚೇರಿಯಿಂದ ಬರುವ ಇಮೇಲ್‌ಗಳಲ್ಲಿ ‘ಹ್ಯಾಂಡ್’ ಎಂಬ ಪದ ದಿನಕ್ಕೊಂದು ವೇಷ ಹಾಕುತ್ತದೆ. ‘ದ ಮ್ಯಾಟರ್ ಈಸ್ ಇನ್ ಹ್ಯಾಂಡ್’ ಎಂದರೆ ಕೆಲಸ ಮುಗಿದಿದೆಯೋ, ನಡೆಯುತ್ತಿದೆಯೋ? ‘ರಿಜೆಕ್ಟೆಡ್ ಔಟ್ ಆಫ್ ಹ್ಯಾಂಡ್’ ಎಂದರೆ ಕೈಮೀರಿತು ಎಂದೇ? ‘ಐ ವಿಲ್ ಗಿವ್ ಯು ಎ ಹ್ಯಾಂಡ್’ ಎಂದು ಬಂದಾಗ ‘ಕೈಕೊಡ್ತಾರಂತೆ’ ಎಂದು ನಾವೆಲ್ಲ ನಕ್ಕಿದ್ದೂ ಉಂಟು. ಪಟ್ಟಿ ಮಾಡಿ ಉರು ಹೊಡೆದರೂ ತಲೆಯಲ್ಲಿ ನಿಲ್ಲುವುದಿಲ್ಲ. ಇದಕ್ಕೇನಾದರೂ ದಾರಿ ಇದೆಯೇ?

ಉತ್ತರ: ಮೊದಲು ನಿಮ್ಮ ಮೂರು ವಾಕ್ಯಗಳನ್ನು ನೋಡೋಣ. ‘ಇನ್ ಹ್ಯಾಂಡ್’ ಎಂದರೆ ಕೆಲಸ ನಡೆಯುತ್ತಿದೆ, ಹತೋಟಿಯಲ್ಲಿದೆ; ಮುಗಿದಿಲ್ಲ. ‘ರಿಜೆಕ್ಟೆಡ್ ಔಟ್ ಆಫ್ ಹ್ಯಾಂಡ್’ ಎಂದರೆ ಓದಿ ನೋಡುವ ಗೋಜಿಗೂ ಹೋಗದೆ, ಕೇಳಿದ ಕೂಡಲೇ ತಳ್ಳಿಹಾಕಿದರು. ‘ಗಿವ್ ಯು ಎ ಹ್ಯಾಂಡ್’ ಎಂದರೆ ನೆರವಾಗುತ್ತೇನೆ.

ಪಟ್ಟಿ ನಿಲ್ಲದಿರುವುದಕ್ಕೆ ಕಾರಣ ನಿಮ್ಮ ನೆನಪಿನ ಶಕ್ತಿಯಲ್ಲ, ಕನ್ನಡದ ಅಭ್ಯಾಸ. ನಮ್ಮ ನುಡಿಗಟ್ಟುಗಳಲ್ಲಿ ಕೈಗೆ ಅರ್ಥ ಕೊಡುವುದು ಅದರ ಮುಂದಿನ ಕ್ರಿಯಾಪದ. ಕೈಕೊಡು, ಕೈಬಿಡು, ಕೈಹಿಡಿ, ಕೈಹಾಕು, ಕೈಮಾಡು, ಕೈಚೆಲ್ಲು, ಕೈಗೂಡು: ಕ್ರಿಯಾಪದ ಬದಲಾದರೆ ಅರ್ಥ ಬದಲಾಯಿತು. ಹೀಗಾಗಿ ಕನ್ನಡದ ಕಿವಿ ಇಂಗ್ಲಿಷ್ ವಾಕ್ಯದಲ್ಲೂ ಕ್ರಿಯಾಪದವನ್ನೇ ಹುಡುಕುತ್ತದೆ. ಇಂಗ್ಲಿಷಿನಲ್ಲಿ ಅರ್ಥ ಅಡಗಿರುವುದು ಬೇರೆ ಕಡೆ: ಹ್ಯಾಂಡ್ ಹಿಂದಿರುವ ‘ಇನ್, ಆನ್, ಅಟ್, ಔಟ್ ಆಫ್, ಆಫ್’ ಎಂಬ ಚಿಕ್ಕ ಪದದಲ್ಲಿ, ‘ಎ’ ಇದೆಯೋ ಇಲ್ಲವೋ ಎಂಬುದರಲ್ಲಿ, ‘ಹ್ಯಾಂಡ್’ ಒಂದೋ ‘ಹ್ಯಾಂಡ್ಸ್’ ಎಂದು ಬಹುವಚನವೋ ಎಂಬುದರಲ್ಲಿ. ನಾವು ಓದುವಾಗ ಹಾರಿಸಿಬಿಡುವುದು ಸರಿಯಾಗಿ ಈ ಮೂರನ್ನೇ.

‘ಎ’ ಒಂದರ ಆಟ ನೋಡಿ. ‘ಗಿವ್ ಮಿ ಯುವರ್ ಹ್ಯಾಂಡ್’ ಎಂದರೆ ನಿನ್ನ ಕೈ ಇತ್ತ ಕೊಡು. ಮೆಟ್ಟಿಲು ಹತ್ತಿಸುವಾಗ ಹೇಳುವ ಮಾತು. ‘ಗಿವ್ ಮಿ ಎ ಹ್ಯಾಂಡ್’ ಎಂದರೆ ಸ್ವಲ್ಪ ಸಹಾಯ ಮಾಡು. ‘ಗಿವ್ ಹರ್ ಎ ಬಿಗ್ ಹ್ಯಾಂಡ್’ ಎಂದು ವೇದಿಕೆಯಿಂದ ಕೂಗಿದರೆ ಜೋರಾಗಿ ಚಪ್ಪಾಳೆ ತಟ್ಟಿ ಎಂದರ್ಥ. ಸಹಾಯಕ್ಕೆ ಎದ್ದು ಹೋಗಬೇಡಿ. ‘ವಿ ನೀಡ್ ಮೋರ್ ಹ್ಯಾಂಡ್ಸ್’ ಎಂದರೆ ಇನ್ನಷ್ಟು ಆಳು ಬೇಕು. ಹಳೆಯ ಶೈಲಿಯಲ್ಲಿ ‘ಹಿ ಆಸ್ಕ್ಡ್ ಫಾರ್ ಹರ್ ಹ್ಯಾಂಡ್’ ಎಂದರೆ ಹೆಣ್ಣು ಕೇಳಿದ. ಪಾಣಿಗ್ರಹಣದ ನಾಡಿನವರಾದ ನಮಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮೂಲಭೂತ ತೊಡಕು ದೇಹದ್ದೇ. ಕನ್ನಡದ ಕೈ ಭುಜದಿಂದ ಬೆರಳ ತುದಿಯವರೆಗೆ. ಇಂಗ್ಲಿಷಿನ ಹ್ಯಾಂಡ್ ಮಣಿಕಟ್ಟಿಗೇ ಮುಗಿಯುತ್ತದೆ. ಅಲ್ಲಿಂದ ಮೇಲಕ್ಕೆ ‘ಆರ್ಮ್’. ಮೊಣಕೈ ಹತ್ತಿರ ಮೂಳೆ ಮುರಿದವರು ‘ಐ ಬ್ರೋಕ್ ಮೈ ಹ್ಯಾಂಡ್’ ಎಂದು ರಜೆ ಅರ್ಜಿ ಬರೆದರೆ ಓದಿದವರು ಅಂಗೈಯ ಪಟ್ಟಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಕ್ರಿಕೆಟ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಬ್ಯಾಟರ್ ‘ರೈಟ್ ಹ್ಯಾಂಡ್’, ಬೌಲರ್ ‘ರೈಟ್ ಆರ್ಮ್’. ಬ್ಯಾಟನ್ನು ಹಿಡಿಯುವುದು ಹಸ್ತ, ಚೆಂಡೆಸೆಯಲು ತಿರುಗುವುದು ಇಡೀ ತೋಳು. ಕನ್ನಡದಲ್ಲಿ ಇಬ್ಬರೂ ಬಲಗೈಯವರೇ. ನುಡಿಗಟ್ಟುಗಳಲ್ಲೂ ಇದೇ ಗೆರೆ. ‘ಹ್ಯಾಂಡ್ ಇನ್ ಹ್ಯಾಂಡ್’ ಎಂದರೆ ಕೈಕೈ ಹಿಡಿದು, ‘ಆರ್ಮ್ ಇನ್ ಆರ್ಮ್’ ಎಂದರೆ ತೋಳಿಗೆ ತೋಳು ಸೇರಿಸಿ. ಒತ್ತಾಯ ಮಾಡಿ ಒಪ್ಪಿಸುವುದಕ್ಕೆ ತಿರುಚುವುದು ಆರ್ಮನ್ನು. ಒಬ್ಬರನ್ನು ದೂರದಲ್ಲಿಡುವುದೂ ಆರ್ಮಿನ ಅಳತೆಯಲ್ಲಿ. ಅಲ್ಲಿ ಹ್ಯಾಂಡ್ ಹಾಕಿದರೆ ಕೇಳುವವರಿಗೆ ಅರ್ಥವಾದೀತು, ಆದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ.

ಈಗ ಚಿಕ್ಕ ಪದಗಳಿಗೆ ಬರೋಣ. ನಿಮಗೆ ಹೆಚ್ಚು ಕಷ್ಟ ಕೊಡುತ್ತಿರುವುದು ಇವೇ.

‘ಇನ್ ಹ್ಯಾಂಡ್’ ಎಂಬಲ್ಲಿ ಮೂಲ ಭಾವ ಹಿಡಿತ. ಕೆಲಸಕ್ಕೆ ಬಳಸಿದರೆ ನಡೆಯುತ್ತಿದೆ ಎಂದು. ಹಣಕ್ಕೆ ಬಳಸಿದರೆ ಖರ್ಚಾಗದೆ ಉಳಿದದ್ದು ಎಂದು. ‘ಸಿಕ್ಸ್ ವಿಕೆಟ್ಸ್ ಇನ್ ಹ್ಯಾಂಡ್’ ಎಂದರೆ ಇನ್ನೂ ಆರು ವಿಕೆಟ್ ಕೈಯಲ್ಲಿದೆ. ಲೀಗ್ ಪಟ್ಟಿಯಲ್ಲಿ ಒಂದು ತಂಡಕ್ಕೆ ‘ಎ ಗೇಮ್ ಇನ್ ಹ್ಯಾಂಡ್’ ಇದೆ ಎಂದರೆ ಎದುರಾಳಿಗಿಂತ ಒಂದು ಪಂದ್ಯ ಕಡಿಮೆ ಆಡಿದೆ, ಆಡುವುದು ಬಾಕಿ ಇದೆ ಎಂದು. ‘ಟೇಕ್ ಹಿಮ್ ಇನ್ ಹ್ಯಾಂಡ್’ ಎಂದರೆ ಅವನನ್ನು ತಿದ್ದುವ ಹೊಣೆ ಹೊತ್ತುಕೊಳ್ಳುವುದು. ಕೈಯಲ್ಲಿರುವ ಕೆಲಸ ಎನ್ನಲು ಬ್ರಿಟಿಷರು ‘ದ ಜಾಬ್ ಇನ್ ಹ್ಯಾಂಡ್’ ಎನ್ನುವುದುಂಟು, ಅಮೆರಿಕದವರು ‘ಅಟ್ ಹ್ಯಾಂಡ್’ ಎನ್ನುವುದೇ ಹೆಚ್ಚು.

‘ಔಟ್ ಆಫ್ ಹ್ಯಾಂಡ್’ಗೆ ಎರಡು ಅರ್ಥ ಇರುವುದರಿಂದಲೇ ನೀವು ಎಡವಿದ್ದು. ಬಿಡಿಸುವ ಉಪಾಯ ಸುಲಭ, ಹಿಂದಿನ ಕ್ರಿಯಾಪದ ನೋಡಿ. ‘ಗೆಟ್’ ಅಥವಾ ‘ಗಾಟ್’ ಇದ್ದರೆ ಕೈಮೀರಿತು: ಪಾರ್ಟಿ ಕೈಮೀರಿತು, ಖರ್ಚು ಕೈಮೀರಿತು. ‘ರಿಜೆಕ್ಟ್, ಡಿಸ್ಮಿಸ್, ರೆಫ್ಯೂಸ್’ ಇದ್ದರೆ ವಿಚಾರಿಸದೆ, ತಕ್ಷಣ. ಇದಕ್ಕೆ ತೀರಾ ಹತ್ತಿರ ಕಾಣುವ ಮೂರನೆಯದೊಂದಿದೆ: ‘ಇಟ್ ಈಸ್ ಔಟ್ ಆಫ್ ಮೈ ಹ್ಯಾಂಡ್ಸ್’. ಇಲ್ಲಿ ಕೈಮೀರಿದ್ದೇನೂ ಇಲ್ಲ. ತೀರ್ಮಾನ ನನ್ನ ಅಧಿಕಾರದಲ್ಲಿಲ್ಲ ಎಂದಷ್ಟೇ. ಗ್ರಾಹಕರಿಗೆ ‘ದ ಇಷ್ಯೂ ಈಸ್ ಔಟ್ ಆಫ್ ಹ್ಯಾಂಡ್’ ಎಂದು ಬರೆದರೆ ಬೆಂಕಿ ಬಿದ್ದಿದೆ ಎಂದು ಓದಿಕೊಳ್ಳುತ್ತಾರೆ. ನೀವು ಹೇಳಬೇಕಿದ್ದದ್ದು ‘ಮೇಲಿನವರ ಬಳಿ ಇದೆ’ ಎಂದಾಗಿದ್ದರೆ ‘ಮೈ’ ಮತ್ತು ಬಹುವಚನ ಎರಡೂ ಬೇಕೇಬೇಕು.

‘ಆನ್ ಹ್ಯಾಂಡ್’ ಎಂದರೆ ಬೇಕಾದಾಗ ಸಿಗುವಂತೆ ಹಾಜರು. ‘ಆ್ಯನ್ ಇಂಜಿನಿಯರ್ ವಿಲ್ ಬಿ ಆನ್ ಹ್ಯಾಂಡ್’ ಎಂದರೆ ಒಬ್ಬ ಇಂಜಿನಿಯರ್ ಅಲ್ಲೇ ಇರುತ್ತಾರೆ. ಅದೇ ‘ಆನ್ ಅವರ್ ಹ್ಯಾಂಡ್ಸ್’ ಆದರೆ ಹೊರೆ: ‘ವಿ ಹ್ಯಾವ್ ಎ ಸ್ಟ್ರೈಕ್ ಆನ್ ಅವರ್ ಹ್ಯಾಂಡ್ಸ್’ ಎಂದರೆ ಮುಷ್ಕರ ತಲೆಗೆ ಬಂದು ಕೂತಿದೆ. ನಮ್ಮ ಹೊರೆ ತಲೆಯ ಮೇಲೆ, ಅವರದ್ದು ಕೈಯ ಮೇಲೆ. ಬಿಡುವಿನ ವೇಳೆಯೂ ಅವರಿಗೆ ‘ಟೈಮ್ ಆನ್ ಮೈ ಹ್ಯಾಂಡ್ಸ್’. ಹೊರೆ ಇಳಿಸುವುದಕ್ಕೆ ‘ಟೇಕ್ ಇಟ್ ಆಫ್ ಮೈ ಹ್ಯಾಂಡ್ಸ್’.

‘ಅಟ್ ಹ್ಯಾಂಡ್’ ಹತ್ತಿರದಲ್ಲಿದೆ. ಜಾಗಕ್ಕೂ ಕಾಲಕ್ಕೂ ಸಲ್ಲುತ್ತದೆ. ಆದರೆ ‘ಅಟ್ ದ ಹ್ಯಾಂಡ್ಸ್ ಆಫ್’ ಎಂದಾಗ ಪೂರಾ ಬೇರೆ: ಯಾರಿಂದಲೋ ಅನುಭವಿಸಿದ ಸೋಲು, ಹಿಂಸೆ, ಅವಮಾನ. ‘ಡಿಫೀಟ್ ಅಟ್ ದ ಹ್ಯಾಂಡ್ಸ್ ಆಫ್ ಆಸ್ಟ್ರೇಲಿಯಾ’ ಸರಿ. ‘ಐ ರಿಸೀವ್ಡ್ ದಿ ಅವಾರ್ಡ್ ಅಟ್ ದ ಹ್ಯಾಂಡ್ಸ್ ಆಫ್ ದ ಮಿನಿಸ್ಟರ್’ ಎಂದು ನಮ್ಮ ಕಡೆಯ ವರದಿಗಳಲ್ಲಿ ಕಾಣಿಸುತ್ತದಲ್ಲ, ಅದು ‘ಸಚಿವರ ಹಸ್ತದಿಂದ’ ಎಂಬುದರ ನೇರ ಇಳಿಕೆ. ಇಂಗ್ಲಿಷ್ ಓದುಗರಿಗೆ ಸಚಿವರು ಹೊಡೆದರೇನೋ ಎಂಬ ಛಾಯೆ ಬರುತ್ತದೆ. ‘ಫ್ರಮ್ ದ ಮಿನಿಸ್ಟರ್’ ಎಂದರೆ ಸಾಕು.

‘ಆಫ್‌ಹ್ಯಾಂಡ್’ಗೂ ಎರಡು ಮುಖ. ‘ಐ ಕಾಂಟ್ ಸೇ ಆಫ್‌ಹ್ಯಾಂಡ್’ ಎಂದರೆ ದಾಖಲೆ ನೋಡದೆ ಈಗಿಂದೀಗ ಹೇಳಲಾರೆ. ಇದರಲ್ಲಿ ಒರಟುತನ ಇಲ್ಲ. ‘ಹಿ ವಾಸ್ ಆಫ್‌ಹ್ಯಾಂಡ್ ವಿತ್ ಮಿ’ ಎಂದರೆ ಅಸಡ್ಡೆಯಿಂದ ಮಾತಾಡಿಸಿದ. ಇನ್ನು ‘ಹ್ಯಾಂಡ್ಸ್ ಆಫ್!’ ಎಂದರೆ ಮುಟ್ಟಬೇಡ. ‘ಹ್ಯಾಂಡ್ಸ್-ಆಫ್ ಮ್ಯಾನೇಜರ್’ ಎಂದರೆ ಕೆಲಸ ಕೊಟ್ಟು ಮೂಗು ತೂರಿಸದವರು. ಹ್ಯಾಂಡ್ ಏಕವಚನವಾಗಿ ‘ಹ್ಯಾಂಡ್ ಆಫ್’ ಎಂಬ ಕ್ರಿಯೆಯಾದರೆ ಕೆಲಸವನ್ನು ಮತ್ತೊಬ್ಬರಿಗೆ ದಾಟಿಸುವುದು. ಅಮೆರಿಕದ ಬಳಕೆ ಇದು. ಲಂಡನ್‌ನವರು ‘ಹ್ಯಾಂಡ್ ಓವರ್’ ಎನ್ನುವುದೇ ಜಾಸ್ತಿ.

ಹ್ಯಾಂಡ್ ಹೀಗೆ ತಾನೇ ಕ್ರಿಯಾಪದವಾದಾಗ ಬರುವ ಜೋಡಿಗಳು ಸುಲಭ. ಒಂದೆರಡು ಕಡೆ ಮಾತ್ರ ಎಚ್ಚರ ಬೇಕು. ಉತ್ತರಪತ್ರಿಕೆ, ಅಸೈನ್‌ಮೆಂಟ್ ಒಪ್ಪಿಸುವುದು ‘ಹ್ಯಾಂಡ್ ಇನ್’. ಬೀಗದ ಕೈ, ಅಧಿಕಾರ, ಆರೋಪಿ ಇವೆಲ್ಲ ‘ಹ್ಯಾಂಡ್ ಓವರ್’. ‘ಹ್ಯಾಂಡ್ ಇನ್ ಯುವರ್ ನೋಟಿಸ್’ ಎಂದರೆ ರಾಜೀನಾಮೆ ಕೊಡುವುದು. ‘ಹ್ಯಾಂಡ್ ಡೌನ್’ ಎಂದರೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು, ಕೋರ್ಟು ತೀರ್ಪು ಕೊಡುವುದೂ ಅದೇ. ಅಣ್ಣನ ಮೈಗೆ ಚಿಕ್ಕದಾಗಿ ತಮ್ಮನ ಪಾಲಿಗೆ ಬಂದ ಅಂಗಿ ‘ಹ್ಯಾಂಡ್-ಮಿ-ಡೌನ್’. ‘ಹ್ಯಾಂಡೌಟ್’ ಎಂದರೆ ತರಗತಿಯಲ್ಲಿ ಹಂಚುವ ಹಾಳೆ. ಆದರೆ ಸರ್ಕಾರದ ನೆರವನ್ನು ಹ್ಯಾಂಡೌಟ್ ಎಂದರೆ ‘ಬಿಟ್ಟಿ’ ಎಂಬ ವಾಸನೆ ಹೊಡೆಯುತ್ತದೆ, ಹಾಗಾಗಿ ತೂಗಿ ಬಳಸಿ. ಸರ್ವನಾಮ ಬಂದರೆ ಅದು ನಡುವೆ ಕೂರಬೇಕು: ‘ಹ್ಯಾಂಡ್ ಇಟ್ ಇನ್’ ಸರಿ, ‘ಹ್ಯಾಂಡ್ ಇನ್ ಇಟ್’ ತಪ್ಪು. ‘ಯು ಹ್ಯಾವ್ ಟು ಹ್ಯಾಂಡ್ ಇಟ್ ಟು ಹರ್’ ಎಂಬುದರಲ್ಲಿ ಕೊಡುವಂಥದ್ದು ಏನೂ ಇಲ್ಲ. ‘ಅವಳನ್ನು ಮೆಚ್ಚಲೇಬೇಕು ಬಿಡಿ’ ಎಂದು ಅರ್ಥ. ಮೀಟಿಂಗಿನಲ್ಲಿ ಇದನ್ನು ಕೇಳಿ ಫೈಲು ಎತ್ತಿಕೊಡಲು ಹೋಗಬೇಡಿ.

ಇನ್ನು ಊಹೆಗೆ ನಿಲುಕದ ಕೆಲವು ಹಡಗು, ಕುದುರೆ, ಇಸ್ಪೀಟು ಈ ಮೂರು ಕಡೆಯಿಂದ ಬಂದವು. ಮೂಲ ತಿಳಿದರೆ ಉರು ಹೊಡೆಯಬೇಕಿಲ್ಲ.

ಹಡಗಿನಲ್ಲಿ ನಾವಿಕ ಎಂದರೆ ಒಂದು ‘ಹ್ಯಾಂಡ್’. ಬಿರುಗಾಳಿ ಬಂದಾಗ ಎಲ್ಲರೂ ಮೇಲಟ್ಟಕ್ಕೆ ಬನ್ನಿ ಎಂಬ ಕೂಗು ‘ಆಲ್ ಹ್ಯಾಂಡ್ಸ್ ಆನ್ ಡೆಕ್’. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಎಲ್ಲ ನೌಕರರನ್ನೂ ಕೂರಿಸುವ ‘ಆಲ್ ಹ್ಯಾಂಡ್ಸ್ ಮೀಟಿಂಗ್’ ಇದರ ಮೊಮ್ಮಗು. ಹಗ್ಗ ಹತ್ತುವಾಗ ಒಂದರ ಮೇಲೊಂದು ಕೈ ಬದಲಿಸುತ್ತ ಸರಸರನೆ ಏರುವುದರಿಂದ ‘ಹ್ಯಾಂಡ್ ಓವರ್ ಫಿಸ್ಟ್’ ಬಂತು: ಮೇಕಿಂಗ್ ಮನಿ ಹ್ಯಾಂಡ್ ಓವರ್ ಫಿಸ್ಟ್ ಎಂದರೆ ಬಾಚಿ ಬಾಚಿ ದುಡಿಯುವುದು. ಕಳೆದುಕೊಳ್ಳುವುದಕ್ಕೂ ಇದೇ ಸಲ್ಲುತ್ತದೆ ಎಂಬುದು ನೆನಪಿರಲಿ.

ಕುದುರೆ ರೇಸಿನಲ್ಲಿ ಗೆಲುವು ಖಚಿತವಾದಾಗ ಜಾಕಿ ಲಗಾಮು ಸಡಿಲಿಸಿ ಕೈ ಇಳಿಸುತ್ತಾನೆ. ಅದೇ ‘ಹ್ಯಾಂಡ್ಸ್ ಡೌನ್’. ಕನ್ನಡಿಗರು ಇದನ್ನು ‘ಕೈಚೆಲ್ಲಿದ’ ಎಂದು ತಿಳಿಯುವ ಅಪಾಯ ತುಂಬಾ, ಏಕೆಂದರೆ ನಮಗೆ ಕೈ ಕೆಳಗಾದರೆ ಸೋಲು. ‘ಶೀ ವನ್ ಹ್ಯಾಂಡ್ಸ್ ಡೌನ್’ ಎಂದರೆ ಲೀಲಾಜಾಲವಾಗಿ ಗೆದ್ದಳು. ಕೈಚೆಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಕೈ ಮೇಲಕ್ಕೇ ಹೋಗಬೇಕು: ‘ಥ್ರೋ ಅಪ್ ಯುವರ್ ಹ್ಯಾಂಡ್ಸ್’. ಕುದುರೆಯ ಎತ್ತರ ಅಳೆಯುವ ಮಾನವೂ ಹ್ಯಾಂಡ್. ಅದು ನಮ್ಮ ಗೇಣೂ ಅಲ್ಲ, ಮೊಳವೂ ಅಲ್ಲ. ಅಂಗೈ ಅಗಲದಿಂದ ಹುಟ್ಟಿ 4 ಇಂಚಿಗೆ ನಿಂತ ಅಳತೆ. ನೆಲದಿಂದ ಕುದುರೆಯ ಹೆಗಲಿನವರೆಗೆ ಅಳೆಯುತ್ತಾರೆ. 14.2 ಹ್ಯಾಂಡ್ ಎಂದು ಬರೆದರೆ ಹದಿನಾಲ್ಕು ಹ್ಯಾಂಡ್ ಎರಡು ಇಂಚು, ಅಂದರೆ 58 ಇಂಚು. ಚುಕ್ಕಿ ದಶಮಾಂಶದ್ದಲ್ಲ, ಅದರ ಮುಂದೆ 3ಕ್ಕಿಂತ ಹೆಚ್ಚು ಬರುವಂತಿಲ್ಲ. ಅನುವಾದಕರು 14.2 ಅನ್ನು 4ರಿಂದ ಗುಣಿಸಿ 56.8 ಇಂಚು ಎಂದು ಬರೆದರೆ ಕುದುರೆ ಒಂದಿಂಚಿಗೂ ಹೆಚ್ಚು ಕುಗ್ಗಿಹೋಗುತ್ತದೆ.

ಇಸ್ಪೀಟಿನಲ್ಲಿ ಒಬ್ಬರ ಪಾಲಿಗೆ ಬಂದ ಎಲೆಗಳೆಲ್ಲ ಸೇರಿ ‘ಹ್ಯಾಂಡ್’. ಹೀಗಾಗಿ ‘ಶೋ ಯುವರ್ ಹ್ಯಾಂಡ್’ ಎಂದರೆ ಗುಟ್ಟು ಬಿಟ್ಟುಕೊಡುವುದು, ‘ಓವರ್‌ಪ್ಲೇ’ ಎಂದರೆ ಇದ್ದ ಬಲಕ್ಕಿಂತ ಹೆಚ್ಚು ಹಾರಾಡಿ ಕೆಡಿಸಿಕೊಳ್ಳುವುದು, ‘ಫೋರ್ಸ್ ಸಮ್‌ವನ್ಸ್ ಹ್ಯಾಂಡ್’ ಎಂದರೆ ಇನ್ನೂ ತಯಾರಿಲ್ಲದವರನ್ನು ನಡೆ ಇಡುವಂತೆ ಮಾಡುವುದು. ವ್ಯವಹಾರದ ಸುದ್ದಿಯಲ್ಲಿ ‘ಎ ಸ್ಟ್ರಾಂಗ್ ಹ್ಯಾಂಡ್’ ಕಂಡರೆ ಬಲವಾದ ಕೈ ಎಂದಲ್ಲ, ಒಳ್ಳೆಯ ಎಲೆ ಬಿದ್ದಿದೆ ಎಂದು ಓದಿಕೊಳ್ಳಿ.

‘ರೆಡ್-ಹ್ಯಾಂಡೆಡ್’ ಅನ್ನು ಬಿಡುವಂತಿಲ್ಲ, ಅದು ಕನ್ನಡ ಪತ್ರಿಕೆಗೂ ಬಂದು ಕೂತಿದೆ. ಹಳೆಯ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಕೈಗೆ ರಕ್ತ ಅಂಟಿರುವಾಗಲೇ ಸಿಕ್ಕಿಬಿದ್ದವನನ್ನು ಹೀಗೆ ಕರೆಯುತ್ತಿದ್ದರು. ಲಂಚದ ಪ್ರಕರಣಗಳಲ್ಲಿ ಇದು ಮಾತಿನ ಅಲಂಕಾರವೂ ಅಲ್ಲ. ಬಲೆ ಬೀಸುವ ಪೊಲೀಸರು ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ ಕಳಿಸುತ್ತಾರೆ; ಹಣ ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಕನ್ನಡದಲ್ಲಿ ಸರಿಜೋಡಿ ಇರುವವನ್ನು ಮೊದಲು ಕಲಿಯಿರಿ, ಅವು ಪುಕ್ಕಟೆ ಸಿಕ್ಕ ಹಾಗೆ. ‘ಅಪ್ಪರ್ ಹ್ಯಾಂಡ್’ ನಮ್ಮ ಮೇಲುಗೈ. ‘ಓಲ್ಡ್ ಹ್ಯಾಂಡ್’ ಪಳಗಿದ ಕೈ. ‘ಸ್ಲೈಟ್ ಆಫ್ ಹ್ಯಾಂಡ್’ ಕೈಚಳಕ. ‘ಎಂಪ್ಟಿ-ಹ್ಯಾಂಡೆಡ್’ ಬರಿಗೈ. ‘ಓಪನ್-ಹ್ಯಾಂಡೆಡ್’ ಕೊಡುಗೈ. ಕೋರ್ಟಿನ ಆದೇಶಗಳಲ್ಲಿ ಬರುವ ‘ಕ್ಲೀನ್ ಹ್ಯಾಂಡ್ಸ್’, ಅಂದರೆ ನ್ಯಾಯ ಕೇಳಲು ಬಂದವನ ಕೈ ಶುದ್ಧವಿರಬೇಕು ಎಂಬ ತತ್ವವೂ ನಮಗೆ ಹೊಸದಲ್ಲ. ‘ಲೇ ಎ ಹ್ಯಾಂಡ್ ಆನ್’ ನಮ್ಮ ‘ಮೈಮೇಲೆ ಕೈಮಾಡು’. ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಚೆನ್ನಾಗಿ ಗೊತ್ತು ಎನ್ನಲು ಮಾತ್ರ ಅವರು ಕೈ ತಿರುಗಿಸಿ ಹಿಂಗೈ ತೋರಿಸುತ್ತಾರೆ: ‘ಲೈಕ್ ದ ಬ್ಯಾಕ್ ಆಫ್ ಮೈ ಹ್ಯಾಂಡ್’.

ಅಪಾಯ ಇರುವುದು ಸರಿಜೋಡಿಯಂತೆ ಕಂಡೂ ಅಲ್ಲದವುಗಳಲ್ಲಿ. ಕೈಕೊಡುವುದು ಮೋಸ, ಹ್ಯಾಂಡ್ ಕೊಡುವುದು ನೆರವು ಎಂಬುದು ನಿಮಗೆ ಆಗಲೇ ಗೊತ್ತಾಗಿದೆ. ‘ವಾಶ್ ಯುವರ್ ಹ್ಯಾಂಡ್ಸ್ ಆಫ್ ಇಟ್’ ಎಂದರೆ ನನಗಿನ್ನು ಸಂಬಂಧವಿಲ್ಲ ಎಂದು ಹೊಣೆ ಕಳಚಿಕೊಳ್ಳುವುದು. ಬೈಬಲ್ಲಿನಲ್ಲಿ ಪಿಲಾತನು ಜನರೆದುರು ಕೈ ತೊಳೆದುಕೊಂಡ ಪ್ರಸಂಗದಿಂದ ಬಂದದ್ದು. ನಮ್ಮಲ್ಲಿ ‘ಕೈ ತೊಳೆದುಕೊಂಡು ಹಿಂದೆ ಬಿದ್ದ’ ಎಂದರೆ ಬಿಡದೆ ಬೆನ್ನು ಹತ್ತಿದ, ಸರಿಯಾಗಿ ಉಲ್ಟಾ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬುದು ನಮಗೆ ದಾನದ ಹಿರಿಮೆ. ಬೈಬಲ್ಲಿನ ಮೂಲದಲ್ಲೂ ಹಾಗೆಯೇ. ಆದರೆ ಇಂದಿನ ಇಂಗ್ಲಿಷಿನಲ್ಲಿ ‘ದ ಲೆಫ್ಟ್ ಹ್ಯಾಂಡ್ ಡಸಂಟ್ ನೋ ವಾಟ್ ದ ರೈಟ್ ಹ್ಯಾಂಡ್ ಈಸ್ ಡೂಯಿಂಗ್’ ಎಂದರೆ ಬೈಗುಳ: ಈ ಸಂಸ್ಥೆಯ ಒಂದು ವಿಭಾಗಕ್ಕೆ ಇನ್ನೊಂದರ ಸುದ್ದಿಯೇ ಗೊತ್ತಿಲ್ಲ. ದಾನಿಗಳ ಸನ್ಮಾನ ಪತ್ರದಲ್ಲಿ ಇದನ್ನು ಬಳಸಿದರೆ ಎಡವಟ್ಟು ಖಚಿತ. ‘ಹ್ಯಾಂಡ್ ಇನ್ ಹ್ಯಾಂಡ್’ ಒಳ್ಳೆಯ ಮಾತು, ‘ಹ್ಯಾಂಡ್ ಇನ್ ಗ್ಲವ್’ ಈಗ ಹೆಚ್ಚಾಗಿ ಶಾಮೀಲು ಎಂಬ ಅರ್ಥದಲ್ಲೇ ಓಡುತ್ತದೆ; ಪಾಲುದಾರ ಕಂಪನಿಯ ಬಗ್ಗೆ ಬರೆಯುವಾಗ ಮೊದಲನೆಯದನ್ನೇ ಆರಿಸಿ. ‘ಶಾರ್ಟ್-ಹ್ಯಾಂಡೆಡ್’ ಎಂದರೆ ಆಳು ಸಾಲದು, ‘ಶಾರ್ಟ್‌ಹ್ಯಾಂಡ್’ ಎಂದರೆ ಶೀಘ್ರಲಿಪಿ.

ನಾವು ಕೈ ಹೇಳುವಲ್ಲಿ ಅವರು ಹೇಳದ ಕಡೆಗಳೂ ಇವೆ. ಕೈ ಬಿಸಿ ಮಾಡಿದರೆ ಅವರಿಗೆ ಎಣ್ಣೆ ಸವರುವುದು ‘ಪಾಮ್’ಗೆ. ಕೈ ಬಿಗಿಯವನು ‘ಟೈಟ್-ಫಿಸ್ಟೆಡ್’, ಅಂದರೆ ಮುಷ್ಟಿ. ವೈದ್ಯರ ಕೈಗುಣಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲ. ಒಂದು ವಾಕ್ಯವನ್ನೇ ಬರೆಯಬೇಕು. ಗಡಿಯಾರದಲ್ಲಿ ಅವರಿಗೆ ಹ್ಯಾಂಡ್ ಇರುವಲ್ಲಿ ನಮಗೆ ಮುಳ್ಳಿದೆ. ‘ಫಸ್ಟ್-ಹ್ಯಾಂಡ್’ ಮಾಹಿತಿ ನಮಗೆ ಕಣ್ಣಾರೆ ಕಂಡದ್ದು, ‘ಸೆಕೆಂಡ್-ಹ್ಯಾಂಡ್’ ಮಾಹಿತಿ ಕಿವಿಯಿಂದ ಕೇಳಿದ್ದು.

ಭಾರತದಲ್ಲಷ್ಟೇ ಸಲೀಸಾಗಿ ನಡೆಯುವ ಒಂದನ್ನು ಲಂಡನ್‌ಗೆ ಬರೆಯುವಾಗ ಬಿಡಿ: ‘ಹ್ಯಾಂಡ್ ಲೋನ್’. ಅದು ನಮ್ಮ ಕೈಗಡದ, ಕೈಸಾಲದ ಇಂಗ್ಲಿಷ್ ವೇಷ. ಅಲ್ಲಿಯವರಿಗೆ ‘ಎ ಸ್ಮಾಲ್ ಪರ್ಸನಲ್ ಲೋನ್ ಫ್ರಮ್ ಎ ಫ್ರೆಂಡ್’ ಎಂದು ಬಿಡಿಸಿ ಹೇಳಬೇಕು. ಉಲ್ಟಾ ದಿಕ್ಕಿನಲ್ಲಿ, ಹಳೆಯ ಇಂಗ್ಲಿಷ್ ಪದವೊಂದು ನಮ್ಮ ಊರುಗಳಲ್ಲಿ ಉಳಿದಿದೆ. ಹೆಗ್ಗಡದೇವನಕೋಟೆಯ ಬಳಿ, ಮೂಡಿಗೆರೆಯ ಬಳಿ ‘ಹ್ಯಾಂಡ್‌ಪೋಸ್ಟ್’ ಇದೆ. ದಾರಿ ಕವಲೊಡೆಯುವಲ್ಲಿ ಕೈ ಚಾಚಿ ಊರು ತೋರಿಸುವ ಕಂಬ ಎಂದು ಆ ಪದದ ಅರ್ಥ. ದಕ್ಷಿಣ ಕನ್ನಡದ ಕೈಕಂಬಗಳೂ ಚಿಕ್ಕಮಗಳೂರಿನ ಕೈಮರವೂ ಅದನ್ನೇ ಕನ್ನಡದಲ್ಲಿ ಹೇಳುತ್ತವೆ.

‘ಆನ್ ದಿ ಅದರ್ ಹ್ಯಾಂಡ್’ ಬಗ್ಗೆ ನೀವು ಕೇಳಿಲ್ಲ, ಆದರೂ ಅತಿ ಹೆಚ್ಚು ತಪ್ಪು ಬೀಳುವುದು ಇಲ್ಲೇ. ‘ಇನ್’ ಅಲ್ಲ ‘ಆನ್’; ‘ದಿ’ ಬಿಡುವಂತಿಲ್ಲ. ಎರಡೂ ಮಾತು ನಿಜವಾಗಿದ್ದು ತಕ್ಕಡಿಯ ಎರಡು ತಟ್ಟೆಯಲ್ಲಿ ಕೂತಾಗ ಮಾತ್ರ ಇದು. ಹಿಂದಿನ ಮಾತನ್ನು ಸುಳ್ಳೆಂದು ಹೇಳಬೇಕಿದ್ದರೆ ‘ಆನ್ ದ ಕಾಂಟ್ರರಿ’. ಮತ್ತು ಮನುಷ್ಯನಿಗಿರುವುದು ಎರಡೇ ಕೈ, ಮೂರನೆಯ ಅಂಶಕ್ಕೆ ಬೇರೆ ಪದ ಹುಡುಕಿ.

ಕಲಿಯುವ ಕ್ರಮಕ್ಕೆ ಬಂದರೆ, ಪಟ್ಟಿಯನ್ನು ಅರ್ಥದ ಪ್ರಕಾರ ಮಾಡಬೇಡಿ, ಚಿಕ್ಕ ಪದದ ಪ್ರಕಾರ ಮಾಡಿ. ಒಂದು ಹಾಳೆಯ ತಲೆಗೆ ‘ಇನ್’, ಇನ್ನೊಂದಕ್ಕೆ ‘ಔಟ್ ಆಫ್’, ಮತ್ತೊಂದಕ್ಕೆ ‘ಆನ್’. ಪ್ರತಿ ಹಾಳೆಯನ್ನೂ ನಡುವೆ ಗೆರೆ ಎಳೆದು, ಎಡಕ್ಕೆ ಹ್ಯಾಂಡ್, ಬಲಕ್ಕೆ ಹ್ಯಾಂಡ್ಸ್. ನಿಮಗೆ ಬಂದ ಇಮೇಲಿನ ಇಡೀ ವಾಕ್ಯವನ್ನೇ ಅಲ್ಲಿ ಬರೆಯಿರಿ. ಬಿಡಿ ನುಡಿಗಟ್ಟು ಬರೆದರೆ ಕ್ರಿಯಾಪದ ಕಳೆದುಹೋಗುತ್ತದೆ, ‘ಔಟ್ ಆಫ್ ಹ್ಯಾಂಡ್’ ಮತ್ತೆ ಎರಡು ಹೋಳಾಗಿ ಕಾಡುತ್ತದೆ. ಕನ್ನಡ ಅರ್ಥವನ್ನು ಬರೆಯುವಾಗ ಕೈ ಪದವೇ ಬಂದರೆ ಒಮ್ಮೆ ನಿಂತು, ನಿಜಕ್ಕೂ ಸರಿಜೋಡಿಯೇ ಎಂದು ನಿಘಂಟಿನಲ್ಲಿ ನೋಡಿ. ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಇದಕ್ಕೆ ಒಳ್ಳೆಯದು, ಏಕೆಂದರೆ ಅದರಲ್ಲಿ ‘ಹ್ಯಾಂಡ್’ ಕೆಳಗೆ ನುಡಿಗಟ್ಟುಗಳೂ ಉದಾಹರಣೆ ವಾಕ್ಯಗಳೂ ಒಟ್ಟಿಗೆ ಸಿಗುತ್ತವೆ.

ನಿಮ್ಮ ಸದ್ಯದ ಇಮೇಲ್‌ಗಳಿಗೆ ಉತ್ತರ ಹೀಗಿರಲಿ. ನೆರವು ಕೊಡುತ್ತೇವೆ ಎಂದವರಿಗೆ: ‘ಥ್ಯಾಂಕ್ಸ್, ವಿ ಕುಡ್ ಯೂಸ್ ಎ ಹ್ಯಾಂಡ್ ವಿತ್ ದ ಟೆಸ್ಟಿಂಗ್’. ಕೆಲಸ ‘ಇನ್ ಹ್ಯಾಂಡ್’ ಎಂದವರಿಗೆ: ‘ಗುಡ್ ಟು ನೋ. ವೆನ್ ಡು ಯು ಎಕ್ಸ್‌ಪೆಕ್ಟ್ ಟು ಫಿನಿಶ್?’ ಪ್ರಸ್ತಾಪವನ್ನು ‘ಔಟ್ ಆಫ್ ಹ್ಯಾಂಡ್’ ತಳ್ಳಿಹಾಕಿದ್ದಾರೆ ಎಂದು ಬಂದಿದ್ದರೆ ತಿದ್ದಿ ಮತ್ತೆ ಕಳಿಸುವುದರಿಂದ ಉಪಯೋಗವಿಲ್ಲ, ಅವರು ಮೊದಲನೆಯದನ್ನೇ ಸರಿಯಾಗಿ ನೋಡಿಲ್ಲ. ಹದಿನೈದು ನಿಮಿಷದ ಒಂದು ಕಾಲ್ ಕೇಳಿ.